ಕುಲಾವಿ ಹೊಲಿದವರ ಉತ್ತರ

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಮೂರು ವಾರವಾಯಿತು. ತಡವಾದದ್ದಕ್ಕೆ ಪುರುಸೊತ್ತಿಲ್ಲದ್ದು ಕಾರಣವಲ್ಲ. ಉತ್ತರ ಬರೆಯಲು ಕುಳಿತಾಗಲೆಲ್ಲ ಅದು ಸಮಜಾಯಿಷಿಯ ಕಡೆಗೆ ಜಾರುತ್ತಿತ್ತು, ಹರಿದು ಹಾಕುತ್ತಿದ್ದೆ.

ಇತರ ಓದುಗರಿಗಾಗಿ ನಿಮ್ಮ ದೂರನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ಸಂಚಿಕೆಗಳ ಹಿಂದೆ, ಕಿರಿಯರ ಟೆನಿಸ್ ಪ್ರಶಸ್ತಿ ಗೆದ್ದ ಹದಿಮೂರು ವರ್ಷದ ಹುಡುಗಿಯೊಬ್ಬಳ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ಕೆಳಗೆ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿದೆವು. ‘ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಯುವ ಚಾಳಿ ನಿಮಗೂ ಅಂಟಿತೇ?’ ಎಂದು ಕೇಳಿದ್ದೀರಿ. ಅಷ್ಟಕ್ಕೇ ಬಿಡದೆ ಎರಡನೆಯ ಏಟನ್ನೂ ಹಾಕಿದ್ದೀರಿ: ಅಟ್ಟಕ್ಕೇರಿಸುವವರೂ ನೀವೇ, ಮಗು ಬಿದ್ದ ಮೇಲೆ ‘ನಿರೀಕ್ಷೆಯ ಭಾರ’ ಎಂದು ಕಣ್ಣೊರೆಸಿಕೊಳ್ಳುವವರೂ ನೀವೇ, ನಿಜವಾದ ಪ್ರತಿಭೆಗೆ ಭಾರವೇನು ಬಂತು, ಬೋರಿಸ್ ಬೆಕರ್ ಹದಿನೇಳಕ್ಕೆ ವಿಂಬಲ್ಡನ್ ಗೆದ್ದು ಮರುವರ್ಷವೂ ಗೆಲ್ಲಲಿಲ್ಲವೇ, ಎಂಬುದು ನಿಮ್ಮ ವಾದ. ಕೊನೆಯ ಸಾಲಿನಲ್ಲಿ, ಟೆನಿಸ್ ಆಡುವ ನಿಮ್ಮ ಮೊಮ್ಮಗಳು ಆ ಮುಖಪುಟವನ್ನು ಗೋಡೆಗೆ ಅಂಟಿಸಿಕೊಂಡಿದ್ದಾಳೆ, ತೆಗೆಸಬೇಕೇ ಬೇಡವೇ ಎಂದೂ ವಿಚಾರಿಸಿದ್ದೀರಿ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲ ದೂರಿಗೆ ನನ್ನ ಬಳಿ ಪ್ರತಿವಾದವಿಲ್ಲ. ಆ ಶೀರ್ಷಿಕೆ ಕೊಟ್ಟವನು ನಾನೇ. ಉಪಸಂಪಾದಕರು ‘ಪ್ರಶಸ್ತಿ ಗೆದ್ದ ಬಾಲಕಿ’ ಎಂದಿಟ್ಟಿದ್ದರು; ಸಪ್ಪೆಯೆಂದು ಹೊಡೆದು ಹಾಕಿದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರಲ್ಲ, ಪತ್ರಕರ್ತರಿಗೆ ಅದರಷ್ಟು ಅನುಕೂಲದ ಮಾತು ಇನ್ನೊಂದಿಲ್ಲ. ಗಾದೆಯ ಮರೆಯಲ್ಲಿ ನಿಂತು ಯಾವ ಭವಿಷ್ಯವನ್ನಾದರೂ ನುಡಿಯಬಹುದು. ನಿಜವಾದರೆ ಮೊದಲು ಹೇಳಿದವರು ನಾವು; ಸುಳ್ಳಾದರೆ ತಪ್ಪು ಮೊಳಕೆಯದು.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಹಳೆಯ ಮೇಲ್ಪಂಕ್ತಿಯಿದೆ. 1996ರಲ್ಲಿ ಫ್ರಾನ್ಸಿನ ಟೆನಿಸ್ ಪತ್ರಿಕೆಯೊಂದು ರಿಷಾರ್ ಗಾಸ್ಕೆ ಎಂಬ ಹುಡುಗನನ್ನು ಮುಖಪುಟಕ್ಕೆ ತಂದು, ಫ್ರಾನ್ಸ್ ಕಾಯುತ್ತಿರುವ ಚಾಂಪಿಯನ್ ಇವನೇ ಏನು ಎಂಬರ್ಥದ ಸಾಲನ್ನು ಬರೆಯಿತು. ಹುಡುಗನಿಗೆ ಒಂಬತ್ತು ವರ್ಷ. ಯಾನಿಕ್ ನೋವಾ 1983ರಲ್ಲಿ ಫ್ರೆಂಚ್ ಓಪನ್ ಗೆದ್ದ ಮೇಲೆ ಆ ದೇಶದ ಗಂಡಸರಲ್ಲಿ ಯಾರೂ ಗ್ರ್ಯಾನ್‌ಸ್ಲಾಮ್, ಅಂದರೆ ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲೊಂದರ, ಸಿಂಗಲ್ಸ್ ಗೆದ್ದಿರಲಿಲ್ಲ. ಇಡೀ ದೇಶ ಹದಿಮೂರು ವರ್ಷ ಕಾದದ್ದನ್ನು ಹಾಲುಹಲ್ಲು ಪೂರ್ತಿ ಉದುರದ ಹುಡುಗನ ಲೆಕ್ಕಕ್ಕೆ ಬರೆದರು.

ಹುಡುಗ ಮೋಸ ಮಾಡಲಿಲ್ಲ ಎಂಬುದೇ ಇಲ್ಲಿ ನೋವಿನ ಸಂಗತಿ. ಹದಿಮೂರರ ಆಸುಪಾಸಿನಲ್ಲಿ ಮಕ್ಕಳ ಟೂರ್ನಿಯೊಂದರಲ್ಲಿ ತನ್ನದೇ ವಯಸ್ಸಿನ ರಫೆಲ್ ನಡಾಲ್ ಎಂಬ ಸ್ಪೇನಿನ ಹುಡುಗನನ್ನು ಸೋಲಿಸಿದ. 2005ರಲ್ಲಿ, ಹದಿನೆಂಟು ವರ್ಷದವನಿದ್ದಾಗ, ಮಾಂಟೆ ಕಾರ್ಲೊದಲ್ಲಿ ಅರ್ಹತಾ ಸುತ್ತಿನಿಂದ ಬಂದು ಅಗ್ರಸ್ಥಾನದ ರೋಜರ್ ಫೆಡರರ್ ಅವರನ್ನೇ ಮಣಿಸಿದ. ಆತನ ಒಂದು ಕೈಯ ಬ್ಯಾಕ್‌ಹ್ಯಾಂಡ್ ನೋಡಲೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಮುಂದೆ ಗಾಸ್ಕೆ ವಿಶ್ವದ ಏಳನೆಯ ಸ್ಥಾನಕ್ಕೇರಿದರು, 16 ಪ್ರಶಸ್ತಿ ಗೆದ್ದರು, ಆರುನೂರಕ್ಕೂ ಹೆಚ್ಚು ಪಂದ್ಯ ಗೆದ್ದರು, ಮೂರು ಬಾರಿ ಗ್ರ್ಯಾನ್‌ಸ್ಲಾಮ್ ಸೆಮಿಫೈನಲ್ ತಲುಪಿದರು. ಬೇರೆ ಯಾರಿಗಾದರೂ ಇದು ಎದೆಯುಬ್ಬಿಸಿ ಹೇಳಿಕೊಳ್ಳುವ ಬದುಕು. ಗಾಸ್ಕೆ ವಿಷಯದಲ್ಲಿ ಮಾತ್ರ ಇಷ್ಟೆಲ್ಲದರ ಮುಂದೆ ಒಂದು ‘ಆದರೂ’ ಬಂದು ಕೂರುತ್ತದೆ. 2025ರ ಫ್ರೆಂಚ್ ಓಪನ್‌ನಲ್ಲಿ, 38ನೇ ವಯಸ್ಸಿನಲ್ಲಿ, ಯಾನಿಕ್ ಸಿನ್ನರ್ ಎದುರು ಸೋತು ನಿವೃತ್ತರಾದಾಗಲೂ ವರದಿಗಾರರಿಗೆ ನೆನಪಾದದ್ದು ಆ ಮುಖಪುಟವೇ.

ಹಾಗೆಂದು ಎಲ್ಲವನ್ನೂ ಮುಖಪುಟದ ತಲೆಗೆ ಕಟ್ಟಲಾರೆ. ವೃತ್ತಿಪರ ಟೆನಿಸ್‌ನಲ್ಲಿ ನಡಾಲ್ ಮತ್ತು ಗಾಸ್ಕೆ 18 ಬಾರಿ ಎದುರಾದರು. ಹದಿನೆಂಟೂ ನಡಾಲ್ ಪಾಲಾದವು. ಅದಕ್ಕೆ ಕಾರಣ ನಿರೀಕ್ಷೆಯ ಭಾರವಲ್ಲ, ನಡಾಲ್. ನಿಮ್ಮ ಎರಡನೆಯ ದೂರಿನಲ್ಲಿ ಇಷ್ಟು ಸತ್ಯಾಂಶವಿದೆ: ಸೋತವರ ಹಿಂದೆಲ್ಲ ನಾವು ಮನಸ್ಸಿನ ಗಾಯ ಹುಡುಕುತ್ತೇವೆ, ಎದುರಾಳಿ ಚೆನ್ನಾಗಿ ಆಡಿದ ಎಂದು ಬರೆದರೆ ಪುಟ ತುಂಬುವುದಿಲ್ಲ. ಇನ್ನೊಂದು ಕುತೂಹಲದ ಸಂಗತಿ. ನಡಾಲ್ 22, ನೊವಾಕ್ ಜೊಕೊವಿಚ್ 24 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರು. ಆದರೆ ಕಿರಿಯರ ವಿಭಾಗದ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಇಬ್ಬರಿಗೂ ಒಂದೂ ಇಲ್ಲ. ಸ್ಟಾನ್ ವಾವ್ರಿಂಕಾ ಮೊದಲ ಗ್ರ್ಯಾನ್‌ಸ್ಲಾಮ್ ಗೆಲ್ಲುವಾಗ 28 ದಾಟಿತ್ತು. ರೋಹನ್ ಬೋಪಣ್ಣ ಡಬಲ್ಸ್‌ನ ಅಗ್ರಸ್ಥಾನ ಮುಟ್ಟಿದ್ದು 2024ರಲ್ಲಿ, 43ನೇ ವಯಸ್ಸಿನಲ್ಲಿ. ನನ್ನ ಗಾದೆ ಅಲ್ಲಿಗೇ ಮುಗ್ಗರಿಸಿತು.

ಇನ್ನು ನಿಮ್ಮ ಬೆಕರ್. 1985ರಲ್ಲಿ ಟೂರ್ನಿಯ ಶ್ರೇಯಾಂಕಿತರ ಪಟ್ಟಿಯಲ್ಲೇ ಇಲ್ಲದೆ ಬಂದು ಗೆದ್ದದ್ದು, 1986ರಲ್ಲಿ ಉಳಿಸಿಕೊಂಡದ್ದು ಎರಡೂ ನಿಜ. ಮೂರನೆಯ ವರ್ಷವನ್ನು ನೀವು ಬಿಟ್ಟಿದ್ದೀರಿ. 1987ರಲ್ಲಿ ಪೀಟರ್ ಡೂಹನ್ ಎಂಬ ಆಸ್ಟ್ರೇಲಿಯಾದ ಆಟಗಾರನೆದುರು ಎರಡನೆಯ ಸುತ್ತಿನಲ್ಲೇ ಬೆಕರ್ ಸೋತರು. ಪತ್ರಕರ್ತರ ಮುಂದೆ ಅವರು ಹೇಳಿದ್ದರ ಸಾರ ಇಷ್ಟು: ನಾನು ಯುದ್ಧ ಸೋತಿಲ್ಲ, ಯಾರೂ ಸತ್ತಿಲ್ಲ, ಒಂದು ಟೆನಿಸ್ ಪಂದ್ಯ ಸೋತಿದ್ದೇನೆ. ಈ ಮಾತನ್ನು ಎಲ್ಲರೂ ಪ್ರಬುದ್ಧತೆಯ ಗುರುತೆಂದು ಉದ್ಧರಿಸುತ್ತಾರೆ. ನನಗೆ ಕಾಣುವುದು ಬೇರೆ. ಯಾರೂ ಸತ್ತಿಲ್ಲ ಎಂದು ಹತ್ತೊಂಬತ್ತರ ಹುಡುಗ ಬಾಯಿಬಿಟ್ಟು ಹೇಳಬೇಕಾದರೆ, ಆ ಕೋಣೆಯಲ್ಲಿ ಕುಳಿತವರ ಮುಖಗಳು ಹೇಗಿದ್ದಿರಬೇಕು? ಮೈಕೆಲ್ ಚಾಂಗ್ 1989ರಲ್ಲಿ ಹದಿನೇಳಕ್ಕೇ ಫ್ರೆಂಚ್ ಓಪನ್ ಗೆದ್ದರು. ಆ ಮೇಲೆ ಮೂರು ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿದರು, ವಿಶ್ವದ ಎರಡನೆಯ ಸ್ಥಾನಕ್ಕೂ ಬಂದರು. ಜನ ಇಂದಿಗೂ ಕೇಳುವುದು, ಇನ್ನೊಂದನ್ನು ಯಾಕೆ ಗೆಲ್ಲಲಿಲ್ಲ ಎಂದೇ.

ಟೆನಿಸ್‌ನಲ್ಲಿ ಈ ಭಾರ ಬೇರೆ ಆಟಗಳಿಗಿಂತ ಹೆಚ್ಚೇಕೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮೊಮ್ಮಗಳು ಆಡುತ್ತಾಳಲ್ಲ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನ ಪ್ರಧಾನ ಸುತ್ತಿಗೆ 128 ಮಂದಿ ಬರುತ್ತಾರೆ, 127 ಮಂದಿ ಸೋತು ಮನೆಗೆ ಹೋಗುತ್ತಾರೆ. ವಾರದಿಂದ ವಾರಕ್ಕೆ ಊರು ಬದಲಾಗುತ್ತದೆ, ಈ ಲೆಕ್ಕ ಬದಲಾಗುವುದಿಲ್ಲ. ಒಳ್ಳೆಯ ವೃತ್ತಿಪರ ಆಟಗಾರ ಎಂದರೆ ಹೆಚ್ಚುಕಡಿಮೆ ಪ್ರತಿ ವಾರ ಸೋತು, ಸೋಮವಾರ ಮತ್ತೆ ಅಭ್ಯಾಸಕ್ಕೆ ಇಳಿಯುವವನು. ಹನ್ನೆರಡು, ಹದಿಮೂರರಲ್ಲಿ ಎಲ್ಲರನ್ನೂ ಸೋಲಿಸಿಕೊಂಡು ಬಂದ ಮಗುವಿಗೆ ಈ ಪಾಠ ಹೊಸದು. ಅದನ್ನು ನಿಧಾನವಾಗಿ, ಯಾರೂ ನೋಡದ ಕೋರ್ಟಿನಲ್ಲಿ ಕಲಿಯಬೇಕು. ನಾವು ಮುಖಪುಟಕ್ಕೆ ತಂದ ಮಗುವಿಗೆ ಯಾರೂ ನೋಡದ ಕೋರ್ಟೇ ಉಳಿಯುವುದಿಲ್ಲ. ಅಂಗಳದಲ್ಲಿ ಹೆಗಲು ಕೊಡುವ ಜೊತೆಗಾರರಿಲ್ಲ, ಬದಲಿ ಆಟಗಾರರಿಲ್ಲ. ಅಂಚಿನಲ್ಲಿ ಕುಳಿತ ಕೋಚ್ ಬಾಯಿಬಿಟ್ಟು ಸಲಹೆ ಕೊಡುವುದಕ್ಕೆ ಆಟದ ನಿಯಮಪುಸ್ತಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2025ರಲ್ಲಿ.

ಇದರ ಮೇಲೆ ರ‍್ಯಾಂಕಿಂಗ್ ಎಂಬ ಲೇವಾದೇವಿ ಬೇರೆ. ಪಾಯಿಂಟ್‌ಗಳ ಆಯುಷ್ಯ 52 ವಾರ. ಹೋದ ವರ್ಷ ಗಳಿಸಿದ್ದು ಈ ವರ್ಷ ಅದೇ ಹೊತ್ತಿಗೆ ಖಾತೆಯಿಂದ ಅಳಿಸಿಹೋಗುತ್ತದೆ. ಅಷ್ಟನ್ನೇ ಮತ್ತೆ ದುಡಿದರೆ ಮಾತ್ರ ಇದ್ದಲ್ಲಿ ಇರಬಹುದು. ಎಮ್ಮಾ ರಡುಕಾನು 2021ರ ಅಮೆರಿಕ ಓಪನ್‌ಗೆ 150ನೇ ಸ್ಥಾನದಲ್ಲಿ, ಅರ್ಹತಾ ಸುತ್ತಿನ ಮೂಲಕ ಬಂದರು. ಹತ್ತು ಪಂದ್ಯ ಆಡಿದರು, ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಗೆದ್ದರು. ಆಗ ಹದಿನೆಂಟು. ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರು ಅದಕ್ಕೆ ಮೊದಲು ಗಂಡಸರಲ್ಲೂ ಇರಲಿಲ್ಲ, ಹೆಂಗಸರಲ್ಲೂ ಇರಲಿಲ್ಲ. ಮರುವರ್ಷ ಅದೇ ಟೂರ್ನಿಯ ಮೊದಲ ಸುತ್ತಿನಲ್ಲಿ ಆಲಿಝೆ ಕಾರ್ನೆ ಎದುರು ಸೋತರು. ಎರಡು ಸಾವಿರ ಪಾಯಿಂಟ್ ಒಂದೇ ಏಟಿಗೆ ಹೋಗಿ, 11ನೇ ಸ್ಥಾನದಿಂದ 83ಕ್ಕೆ ಇಳಿದರು. ‘ಪಾತಾಳಕ್ಕೆ’ ಎಂದು ಬರೆದವರಲ್ಲಿ ನಾವೂ ಇದ್ದೇವೆ. ಆಕೆ ಮಾತ್ರ, ಇನ್ನು ಬೆನ್ನ ಮೇಲಿನ ಗುರಿ ಹಲಗೆ ಸ್ವಲ್ಪ ಸರಿಯಬಹುದು ಎಂಬಂತೆ ಮಾತನಾಡಿದರು. ಹತ್ತೊಂಬತ್ತರ ವಯಸ್ಸಿಗೆ ವಿಶ್ವದಲ್ಲಿ 83ನೆಯವಳಾಗಿರುವುದು ಕಡಿಮೆಯೇ? ಹಿಂದಿನ ವರ್ಷ ಗೆಲ್ಲದೆ ಇದ್ದಿದ್ದರೆ ಅದನ್ನೇ ಭರವಸೆಯ ಏಳಿಗೆ ಎಂದು ಬರೆಯುತ್ತಿದ್ದೆವು.

ದೇಹವೂ ಲೆಕ್ಕ ಕೇಳುತ್ತದೆ. ಹದಿನಾರಕ್ಕೆ ಅಮೆರಿಕ ಓಪನ್ ಗೆದ್ದ ಟ್ರೇಸಿ ಆಸ್ಟಿನ್ ಇಪ್ಪತ್ತೊಂದರ ಹೊತ್ತಿಗೆ ಗಾಯಗಳಿಂದ ನಲುಗಿದ್ದರು. ಹದಿನಾರಕ್ಕೆ ಎರಡನೆಯ ಸ್ಥಾನದಲ್ಲಿದ್ದ ಆ್ಯಂಡ್ರಿಯಾ ಯೇಗರ್ ಅವರ ಭುಜ ಹತ್ತೊಂಬತ್ತಕ್ಕೇ ಕೈಕೊಟ್ಟಿತು.

ಆದರೆ ನಿಯಮವನ್ನೇ ಬದಲಿಸುವಂತೆ ಮಾಡಿದ ಹೆಸರು ಜೆನಿಫರ್ ಕೇಪ್ರಿಯಾಟಿ. 1990ರ ಮಾರ್ಚ್‌ನಲ್ಲಿ, ಹದಿನಾಲ್ಕು ತುಂಬುವ ಮೊದಲೇ, ವೃತ್ತಿಪರ ಅಂಗಳಕ್ಕೆ ಇಳಿದು ಮೊದಲ ಟೂರ್ನಿಯಲ್ಲೇ ಫೈನಲ್ ತಲುಪಿದರು. ಆಡುವ ಮುನ್ನವೇ ಬಟ್ಟೆ, ರ‍್ಯಾಕೆಟ್ ಕಂಪನಿಗಳು ಸಹಿ ಹಾಕಿಸಿಕೊಂಡಿದ್ದವು. 1992ರಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಒಲಿಂಪಿಕ್ ಚಿನ್ನ. 1993ರ ಅಮೆರಿಕ ಓಪನ್‌ನ ಮೊದಲ ಸುತ್ತಿನ ಸೋಲಿನ ಬಳಿಕ ಆಟವೇ ಬೇಡವಾಯಿತು. 1994ರಲ್ಲಿ ಗಾಂಜಾ ಪ್ರಕರಣದಲ್ಲಿ ಬಂಧನವಾದಾಗ ಪೊಲೀಸರು ತೆಗೆದ ಚಿತ್ರವನ್ನು ಪತ್ರಿಕೆಗಳು ಹಿಂದಿನ ಟ್ರೋಫಿಯ ಚಿತ್ರಗಳಷ್ಟೇ ಉತ್ಸಾಹದಿಂದ ಅಚ್ಚು ಮಾಡಿದವು. ಮುಂದೆ 2001ರಲ್ಲಿ ಆಸ್ಟ್ರೇಲಿಯಾ ಓಪನ್ ಮತ್ತು ಫ್ರೆಂಚ್ ಓಪನ್ ಗೆದ್ದು ಅಗ್ರಸ್ಥಾನಕ್ಕೇರಿದರು ಎಂಬುದನ್ನು ಸುಖಾಂತ್ಯವೆಂದು ಹೇಳುವ ರೂಢಿಯಿದೆ. ನಡುವಿನ ಏಳೆಂಟು ವರ್ಷಗಳನ್ನು ಯಾರ ಖಾತೆಗೆ ಬರೆಯುವುದೋ ನನಗೆ ಹೊಳೆದಿಲ್ಲ.

1995ರಿಂದ ಮಹಿಳಾ ಟೆನಿಸ್‌ನಲ್ಲಿ ವಯೋಮಿತಿ ಬಂತು: ಹದಿನಾಲ್ಕು ತುಂಬದವರು ವೃತ್ತಿಪರ ಟೂರ್ನಿ ಆಡುವಂತಿಲ್ಲ, ಹದಿನೆಂಟಾಗುವವರೆಗೆ ವರ್ಷಕ್ಕೆ ಇಂತಿಷ್ಟೇ. ಒಳ್ಳೆಯದೇ ಎನ್ನುತ್ತೀರಿ, ನಾನೂ ಹಾಗೆಯೇ ಎಂದುಕೊಂಡಿದ್ದೆ. ಆದರೆ 2019ರಲ್ಲಿ ಹದಿನೈದರ ಕೊಕೊ ಗಾಫ್ ವಿಂಬಲ್ಡನ್‌ನಲ್ಲಿ ವೀನಸ್ ವಿಲಿಯಮ್ಸ್ ಅವರನ್ನು ಸೋಲಿಸಿದಾಗ, ಈ ಮಿತಿಯನ್ನು ಸಡಿಲಿಸಿ ಎಂದವರು ಫೆಡರರ್. ಆಡಲು ಸಿಗುವುದೇ ಕೆಲವು ಟೂರ್ನಿ ಎಂದಾದರೆ, ಪ್ರತಿಯೊಂದರ ಮೇಲೂ ಒತ್ತಡ ಹೆಚ್ಚುತ್ತದೆ ಎಂಬುದು ಅವರ ತರ್ಕ. ತಳ್ಳಿಹಾಕುವಂಥ ಮಾತಲ್ಲ. ಆದರೂ ನಿಯಮದ ಪರವೇ ನಾನು; ಗಾಫ್ 2023ರಲ್ಲಿ, ಹತ್ತೊಂಬತ್ತಕ್ಕೆ ಅಮೆರಿಕ ಓಪನ್ ಗೆಲ್ಲಲು ಅದೇನೂ ಅಡ್ಡ ಬರಲಿಲ್ಲ.

ನಿಯಮ ಮನೆಯೊಳಗೆ ಕಾಲಿಡಲಾರದು. ಜೆಲೆನಾ ಡೊಕಿಕ್ 1999ರಲ್ಲಿ, ಹದಿನಾರಕ್ಕೆ, ವಿಂಬಲ್ಡನ್‌ನ ಮೊದಲ ಸುತ್ತಿನಲ್ಲಿ ಅಗ್ರಸ್ಥಾನದ ಮಾರ್ಟಿನಾ ಹಿಂಗಿಸ್ ಅವರನ್ನು 6–2, 6–0ರಿಂದ ಸೋಲಿಸಿದರು. ಗ್ಯಾಲರಿಯಲ್ಲಿ ಗಲಾಟೆ ಮಾಡುತ್ತಿದ್ದ ತಂದೆಯನ್ನು ಪತ್ರಿಕೆಗಳು ತಮಾಷೆಯ ಸರಕಾಗಿ ಬಳಸಿಕೊಂಡವು. ಆ ತಂದೆ ತನ್ನನ್ನು ಹೊಡೆಯುತ್ತಿದ್ದರೆಂದು ವರ್ಷಗಳ ನಂತರ ಆಕೆಯೇ ಹೇಳಿದರು. ಆ ತಮಾಷೆಗಳನ್ನು ಈಗ ಓದಲಾಗುವುದಿಲ್ಲ.

ನಿಜವಾದ ಪ್ರತಿಭೆ ತಾಳಿಕೊಳ್ಳುತ್ತದೆ ಎಂಬ ನಿಮ್ಮ ಮಾತಿಗೆ ನನ್ನ ಉತ್ತರ ಇಬ್ಬರು ಆಟಗಾರ್ತಿಯರಲ್ಲಿದೆ. ಆ್ಯಶ್ಲಿ ಬಾರ್ಟಿ ಹದಿನೈದಕ್ಕೆ ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ ಗೆದ್ದು, 2014ರಲ್ಲಿ ರ‍್ಯಾಕೆಟ್ ಕೆಳಗಿಟ್ಟು, ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು. ಮರಳಿ ಬಂದು ಮೂರು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದರು, 2022ರಲ್ಲಿ ಅಗ್ರಸ್ಥಾನದಲ್ಲಿದ್ದಾಗಲೇ ಸಾಕು ಎಂದರು. ಅಮಂಡಾ ಅನಿಸಿಮೋವಾ 2019ರಲ್ಲಿ ಹದಿನೇಳಕ್ಕೆ ಫ್ರೆಂಚ್ ಓಪನ್ ಸೆಮಿಫೈನಲ್ ಆಡಿದರು, ಅದೇ ವರ್ಷ ತಂದೆಯನ್ನು ಕಳೆದುಕೊಂಡರು, 2023ರಲ್ಲಿ ಬಳಲಿ ವಿರಾಮ ಪಡೆದರು. 2024ರಲ್ಲಿ ವಿಂಬಲ್ಡನ್ ಅರ್ಹತಾ ಸುತ್ತನ್ನೂ ದಾಟಲಾಗಲಿಲ್ಲ. 2025ರಲ್ಲಿ ಅಲ್ಲಿಯೇ ಫೈನಲ್. ಇಗಾ ಶ್ವಾಂಟೆಕ್ ಎದುರು 6–0, 6–0ರ ಸೋಲು. ಎರಡು ತಿಂಗಳೊಳಗೆ ಅಮೆರಿಕ ಓಪನ್‌ನಲ್ಲಿ ಅದೇ ಶ್ವಾಂಟೆಕ್ ಅವರನ್ನು ಸೋಲಿಸಿ ಇನ್ನೊಂದು ಫೈನಲ್. ಇಬ್ಬರೂ ತಾಳಿಕೊಂಡು ಗೆದ್ದವರಲ್ಲ. ಹೊತ್ತದ್ದನ್ನು ಇಳಿಸಿ, ಬೇಕೆನಿಸಿದಾಗ ಮರಳಿ ಎತ್ತಿಕೊಂಡವರು. ಇಳಿಸಲು ಅವಕಾಶವಿಲ್ಲದ ಎಷ್ಟು ಮಕ್ಕಳು ಯಾವ ಪಟ್ಟಿಯಲ್ಲೂ ಕಾಣದಂತೆ ಹೋದರೋ.

ನಮ್ಮ ಮುಖಪುಟದ ಹುಡುಗಿ ಕಳೆದ ತಿಂಗಳು ಇನ್ನೊಂದು ಟೂರ್ನಿಯ ಎರಡನೆಯ ಸುತ್ತಿನಲ್ಲಿ ಸೋತಳು. ವರದಿಗಾರರು ಎಂಟುನೂರು ಪದ ಬರೆದು ‘ಮೊಳಕೆ ಬಾಡಿತೇ?’ ಎಂದು ಶೀರ್ಷಿಕೆ ಕೊಟ್ಟಿದ್ದರು. ಅವರನ್ನು ಬೈಯಲಾಗಲಿಲ್ಲ, ದಾರಿ ತೋರಿಸಿದವನು ನಾನೇ ಅಲ್ಲವೇ. ಸ್ಕೋರನ್ನಷ್ಟೇ ಫಲಿತಾಂಶಗಳ ಪುಟದಲ್ಲಿ ಹಾಕಿದೆವು. ಇನ್ನು ಮುಂದೆ ಹದಿನೆಂಟು ತುಂಬದ ಆಟಗಾರರನ್ನು ಮುಖಪುಟಕ್ಕೆ ತರುವುದಿಲ್ಲ. ಅವರ ಪಂದ್ಯಗಳ ವರದಿಯಲ್ಲಿ ಆ ದಿನ ನಡೆದದ್ದನ್ನು ಬಿಟ್ಟು ನಾಳೆಯ ಮಾತು ಇರುವುದಿಲ್ಲ. ಮಾರಾಟ ವಿಭಾಗಕ್ಕೆ ಇದು ರುಚಿಸಿಲ್ಲವೆಂದು ನಿಮಗೆ ತಿಳಿದಿರಲಿ.

ಗೋಡೆಯ ಮೇಲಿನ ಚಿತ್ರವನ್ನು ತೆಗೆಸಬೇಡಿ. ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆಸೆದ ಕ್ಷಣ ಅದು. ಎಡಗೈ ಪೂರ್ತಿ ನೀಡಿದೆ, ಕಣ್ಣು ಚೆಂಡಿನ ಮೇಲೆಯೇ ಇದೆ. ಮೊಮ್ಮಗಳು ನೋಡಿ ಕಲಿಯಬಹುದಾದಷ್ಟು ಚೆನ್ನಾಗಿದೆ. ಒಂದು ಕತ್ತರಿ ತೆಗೆದುಕೊಂಡು ಕೆಳಗಿನ ಸಾಲನ್ನು ಮಾತ್ರ ಕತ್ತರಿಸಿಬಿಡಿ.

ವಿಶ್ವಾಸದಿಂದ,
ಸಂಪಾದಕ