ಹನಿಯಾ ಊರಿನ ಹಳೆಯ ಬಂದರಿನ ಹೋಟೆಲ್‌ನಲ್ಲಿ ವಯಸ್ಸಾದ ಅಪ್ಪ-ಅಮ್ಮನ ಜೊತೆ ಉಳಿಯಬಹುದಾ?

ಖಂಡಿತ ಉಳಿಯಬಹುದು, ಆದರೆ ಮೆಟ್ಟಿಲಿನ ವಿಷಯ ಮೊದಲೇ ಕೇಳಿಕೊಳ್ಳಿ. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿರುವ ಹನಿಯಾವನ್ನು 1645ರಲ್ಲಿ ಆಟೊಮನ್ ತುರ್ಕರು ಗೆಲ್ಲುವವರೆಗೆ ವೆನಿಸ್‌ನವರು ಆಳುತ್ತಿದ್ದರು. ಅವರ ಕಾಲದ ಕೆಲವು ಕಲ್ಲಿನ ಮನೆಗಳೇ ಈಗ ದುರಸ್ತಿಯಾಗಿ ಹೋಟೆಲ್‌ಗಳಾಗಿವೆ. ದಪ್ಪ ಗೋಡೆ, ಎತ್ತರದ ಚಾವಣಿ. ಒಂದು ಕೋಣೆಯಂತೆ ಇನ್ನೊಂದು ಇರುವುದಿಲ್ಲ, ನನಗೆ ಅದೇ ಇಷ್ಟ.

ಆದರೆ ಎಷ್ಟೋ ಕಡೆ ಲಿಫ್ಟ್ ಇಲ್ಲ. ಓಣಿಗಳು ಕಿರಿದು, ಟ್ಯಾಕ್ಸಿ ಬಾಗಿಲವರೆಗೆ ಬರುವುದು ಕಷ್ಟ. ಸೂಟ್‌ಕೇಸ್ ಎಳೆದುಕೊಂಡೇ ನಡೆಯಬೇಕು. ಜುಲೈ, ಆಗಸ್ಟ್‌ನಲ್ಲಿ ಕೆಳಗಿನ ಬಾರ್‌ಗಳ ಗದ್ದಲ ರಾತ್ರಿ ಜಾಸ್ತಿ. ಹಿರಿಯರಿಗೆ ನಿದ್ದೆ ಮುಖ್ಯ ಅಲ್ವಾ? ಅವರಿಗೆ ಹಿಂಬದಿಯ ಕೋಣೆ ತೆಗೆದುಕೊಳ್ಳಿ. ಬಂದರಿನ ಕಡೆಯ ಕಿಟಕಿ ನಿಮಗಿರಲಿ. ಬೆಳಗ್ಗೆ ಬೇಗ ಎದ್ದರೆ ಜನರಿಲ್ಲದ ಕಟ್ಟೆ, ಎದುರಿಗೆ ಹಳೆಯ ದೀಪಸ್ತಂಭ.