ಅನಿಶ್ಚಿತತೆಯಲ್ಲಿ ನಿರ್ಧಾರ ಮಾಡುವ ಅಲ್ಗಾರಿದಮ್ ಮೇಲೆ ಪಿಎಚ್‌ಡಿ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ನೀವು ಕೇಳಿದ್ದು ಎರಡು. ಈ ವಿಷಯದಲ್ಲಿ ಸಂಶೋಧನೆ ಮಾಡುವವರು ಮುಂದೇನಾಗುತ್ತದೆ ಅಂತ ಊಹಿಸುವ ಪ್ರೋಗ್ರಾಂ ಬರೆಯುತ್ತಾರಾ? ಕಾರವಾರದಲ್ಲಿ ಬಿಇ ಓದುತ್ತಿರುವ ನೀವು ಇದಕ್ಕೆ ಬರಬಹುದಾ?

ನಾನು ಶಿರಸಿ ಕಡೆಯವನು, ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಊಹೆ ಎಲ್ಲಿ ಕೈಕೊಡುತ್ತದೋ ಅಲ್ಲಿಂದ ನಮ್ಮ ಕೆಲಸ ಶುರು. ಮುಂದಿನದು ಗೊತ್ತಿಲ್ಲ ಅಂತ ಮೊದಲೇ ಒಪ್ಪಿಕೊಳ್ಳುತ್ತೇವೆ. ಆಮೇಲೆ, ಎಲ್ಲ ಗೊತ್ತಿದ್ದವನಿಗಿಂತ ಇಷ್ಟಕ್ಕಿಂತ ಜಾಸ್ತಿ ಹಿಂದೆ ಬೀಳುವುದಿಲ್ಲ ಅನ್ನುವ ಒಂದು ನಿಯಮ ಹುಡುಕಿ, ಅದನ್ನು ಸಾಬೀತು ಮಾಡುತ್ತೇವೆ.

ನಮ್ಮ ಕಡೆಯ ಅಡಿಕೆಯನ್ನೇ ತೆಗೆದುಕೊಳ್ಳಿ. ಚಾಲಿ ಒಣಗಿ, ಸುಲಿದು, ಚೀಲ ಕಟ್ಟಿ ಆಗಿದೆ. ಶಿರಸಿಯಲ್ಲಿ ಟೆಂಡರ್‌ಗೆ ಇಟ್ಟರೆ ವ್ಯಾಪಾರಿಗಳು ಮಾಲು ನೋಡಿ ದರ ಬರೆಯುತ್ತಾರೆ. ದರ ಒಪ್ಪಿಗೆಯಾದರೆ ಕೊಡಬಹುದು, ಇಲ್ಲದಿದ್ದರೆ ಇಟ್ಟುಕೊಂಡು ಕಾಯಬಹುದು. ಕೊಟ್ಟ ಮರುವಾರವೇ ದರ ಏರಿದರೆ ಹೊಟ್ಟೆ ಉರಿಯುತ್ತದೆ. ಕಾದು ಕಾದು ಇಳಿದರೆ ಮನೆಯಲ್ಲಿ ಮಾತು ಕೇಳಬೇಕು. ಬಿಟ್ಟ ದರ ಮತ್ತೆ ಬೇಕು ಅಂದರೆ ಸಿಗುವುದಿಲ್ಲ. ಎಲ್ಲಿ ನಿಲ್ಲಬೇಕು ಅನ್ನುವ ಇಂಥ ಲೆಕ್ಕಗಳಿಗೆ ಆಪ್ಟಿಮಲ್ ಸ್ಟಾಪಿಂಗ್ ಅನ್ನುತ್ತಾರೆ.

ಈಗ ಪ್ರತಿ ವಾರ ಯಾವ ದರ ಬರುವ ಸಂಭವ ಎಷ್ಟು ಅಂತ ಗೊತ್ತಿದೆ, ಒಂದು ವಾರದ ದರಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂದುಕೊಳ್ಳಿ. ಇಡೀ ಸೀಸನ್ನಿನ ದರ ಮೊದಲೇ ಗೊತ್ತಿರುವ ಒಬ್ಬ ಮನುಷ್ಯನೂ ಇದ್ದಾನೆ ಅನ್ನಿ. ಅವನು ಸರಿಯಾಗಿ ಅತಿ ಒಳ್ಳೆ ದರದ ದಿನವೇ ಮಾರುತ್ತಾನೆ. ಅವನ ಸರಾಸರಿ ಗಳಿಕೆಯ ಅರ್ಧಕ್ಕೆ ನೀವು ಒಂದು ಗೆರೆ ಹಾಕಿಕೊಳ್ಳಿ. ಆ ಗೆರೆ ಮುಟ್ಟಿದ ಮೊದಲ ದರಕ್ಕೆ ಕೊಟ್ಟುಬಿಡಿ. ಇಷ್ಟೇ ಮಾಡಿದರೂ ಸರಾಸರಿಯಲ್ಲಿ ಅವನ ಅರ್ಧದಷ್ಟು ನಿಮಗೆ ಬಂದೇ ಬರುತ್ತದೆ. ಇದರ ಹೆಸರು ಪ್ರಾಫೆಟ್ ಇನ್‌ಈಕ್ವಾಲಿಟಿ, ಪ್ರಾಫೆಟ್ ಅಂದರೆ ಮುಂದಿನದೆಲ್ಲ ಗೊತ್ತಿರುವ ಆ ಮನುಷ್ಯ. ಕ್ರೆಂಗೆಲ್ ಮತ್ತು ಸುಚೆಸ್ಟನ್ ಅನ್ನುವವರು 1970ರ ದಶಕದ ಕೊನೆಯಲ್ಲಿ ಇದನ್ನು ಹೊರತಂದರು. ಒಂದೇ ಗೆರೆ ಸಾಕು ಅಂತ ತೋರಿಸಿದ್ದು ಎಸ್ತರ್ ಸ್ಯಾಮ್ಯುಯೆಲ್-ಕಾನ್, 1984ರಲ್ಲಿ.

ಯಾಕೆ ಅರ್ಧ? ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದೇ ಈ ಜಾಗ, ಸ್ವಲ್ಪ ನಿಧಾನವಾಗಿ ಓದಿ. ಎಲ್ಲ ಗೊತ್ತಿದ್ದವನ ಸರಾಸರಿ 200 ಅನ್ನಿ, ನಿಮ್ಮ ಗೆರೆ 100. ಮಾಲು ಮಾರಾಟವಾಯಿತು ಅಂದರೆ 100 ಅಂತೂ ಕೈಗೆ ಬಂತು. ಮಾರಾಟವಾಗದೇ ಉಳಿಯುವ ಸಂಭವವೇ ಜಾಸ್ತಿ ಇದ್ದರೆ? ಆಗ ಒಳ್ಳೆ ದರ ಬಂದ ದಿನ ಚೀಲ ಇನ್ನೂ ನಿಮ್ಮ ಹತ್ತಿರವೇ ಇರುವ ಸಂಭವವೂ ಕಡಿಮೆಯೆಂದರೆ ಅಷ್ಟು ಇದ್ದೇ ಇರುತ್ತದೆ. ಎಲ್ಲ ವಾರಗಳಲ್ಲೂ ಗೆರೆಯ ಮೇಲೆ ಬರುವ ಹೆಚ್ಚುವರಿ ದುಡ್ಡನ್ನು ಕೂಡಿಸಿದರೆ ಸರಾಸರಿ 100ಕ್ಕೆ ಕಡಿಮೆ ಆಗುವುದಿಲ್ಲ, ಯಾಕೆಂದರೆ ಆ ಮನುಷ್ಯ 200 ಮುಟ್ಟಿದ್ದೇ ಅದರಿಂದ. ಮಾರಾಟವಾಗುವ ಸಂಭವ ಶೇ. 30 ಇದ್ದರೆ ಗೆರೆಯ ಲೆಕ್ಕದಿಂದ 30 ರೂಪಾಯಿ. ಚೀಲ ಉಳಿದಿರುವ ಸಂಭವ ಶೇ. 70, ಹಾಗಾಗಿ ಆ 100ರ ಹೆಚ್ಚುವರಿಯಿಂದ ಕಡಿಮೆಯೆಂದರೆ 70. ಕೂಡಿಸಿದರೆ 100. ಶೇ. 30ರ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ತುಂಬಿಕೊಳ್ಳುತ್ತದೆ.

ಅರ್ಧಕ್ಕಿಂತ ಒಳ್ಳೆಯ ಭರವಸೆ ಕೊಡಲು ಯಾರಿಂದಲೂ ಆಗುವುದಿಲ್ಲ. ಒಂದು ಉದಾಹರಣೆ: ಇವತ್ತು ಖಚಿತವಾಗಿ 100 ರೂಪಾಯಿ. ನಾಳೆ ನೂರಕ್ಕೆ ಒಂದು ಸಂಭವದಲ್ಲಿ 10,000, ಇಲ್ಲದಿದ್ದರೆ ಸೊನ್ನೆ. ಇವತ್ತು ಕೊಟ್ಟರೂ, ನಾಳೆಗೆ ಕಾದರೂ ನಿಮ್ಮ ಸರಾಸರಿ 100. ನಾಳೆಯದು ಗೊತ್ತಿದ್ದವನಿಗೆ ನೂರರಲ್ಲಿ 99 ಸಲ 100, ಒಂದು ಸಲ 10,000, ಅಂದರೆ ಸರಾಸರಿ 199!

ಸಂಭವಗಳ ಪಟ್ಟಿ ಯಾರ ಹತ್ತಿರ ಇರುತ್ತದೆ ಅಂತ ನೀವು ಕೇಳಬಹುದು, ನ್ಯಾಯವೇ. 2020ರಲ್ಲಿ ರೂಬಿನ್‌ಸ್ಟೈನ್, ವಾಂಗ್, ವೈನ್‌ಬರ್ಗ್ ಮೂವರೂ ಸೇರಿ ಅದಕ್ಕೂ ಉತ್ತರ ಕೊಟ್ಟರು. ಪ್ರತಿ ವಾರಕ್ಕೆ ಅದೇ ಸಂಭವಗಳಿಂದ ಬಂದ ಒಂದೇ ಒಂದು ಹಳೆಯ ದರ ಸಾಕು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಗೆರೆ ಮಾಡಿಕೊಂಡರೆ ಅದೇ ಅರ್ಧದ ಭರವಸೆ ಸಿಗುತ್ತದೆ. ಇಷ್ಟು ಕಡಿಮೆ ಮಾಹಿತಿಯಿಂದ ಇಷ್ಟು ಗಟ್ಟಿ ಮಾತು!

ಹಾಗಂತ ಇದನ್ನು ಓದಿ ಅಡಿಕೆ ಮಾರಲು ಹೋಗಬೇಡಿ. ಸೊಸೈಟಿ ಸಾಲದ ಕಂತು, ಇಟ್ಟ ಮಾಲಿಗೆ ಹುಳ ಹಿಡಿಯುವ ಭಯ, ಯಾವುದೂ ಈ ಲೆಕ್ಕದಲ್ಲಿಲ್ಲ. ಇನ್ನೂ ದೊಡ್ಡ ತೊಡಕು ಅಂದರೆ ಈ ವಾರದ ದರಕ್ಕೂ ಮುಂದಿನ ವಾರದ್ದಕ್ಕೂ ಸಂಬಂಧ ಇದ್ದೇ ಇರುತ್ತದೆ. ಸಂಬಂಧ ಹೇಗೆ ಬೇಕಾದರೂ ಇರಬಹುದು ಅಂದರೆ ಅರ್ಧದ ಭರವಸೆ ಕುಸಿದುಬೀಳುತ್ತದೆ. ಸಂಬಂಧ ಇದೆ, ಆದರೆ ಮಿತಿಯಲ್ಲಿದೆ ಅಂದಾಗ ಎಷ್ಟು ಉಳಿಸಿಕೊಳ್ಳಬಹುದು? ನಾನು ಕೆಲಸ ಮಾಡುವುದು ಅಲ್ಲಿ. ದಿನದ ಹೆಚ್ಚು ಹೊತ್ತು ಬೋರ್ಡಿನ ಮುಂದೆ ಕಳೆಯುತ್ತದೆ. ಒಂದು ನಿಯಮ ಬರೆಯುವುದು, ಅದನ್ನು ಮುರಿಯುವ ಸಣ್ಣ ಉದಾಹರಣೆ ಹುಡುಕುವುದು, ಮುರಿದರೆ ಇನ್ನೊಂದು. ಪೈಥಾನ್ ಬರುವುದು ಸುಮ್ನೆ ಒಂದು ಅನುಮಾನ ಪರೀಕ್ಷಿಸಬೇಕಾದಾಗ.

ಈ ಕ್ಷೇತ್ರದಲ್ಲಿ ಬೇರೆ ಕವಲುಗಳೂ ಇವೆ. ಎರಡು ಔಷಧಗಳಲ್ಲಿ ಯಾವುದು ಒಳ್ಳೆಯದು ಅಂತ ರೋಗಿಗಳಿಗೆ ಕೊಡುತ್ತಲೇ ಕಲಿಯುವುದು ಹೇಗೆ ಅಂತ ಥಾಂಪ್ಸನ್ 1933ರಲ್ಲೇ ಬರೆದ. ಇವತ್ತು ಆನ್‌ಲೈನ್ ಜಾಹೀರಾತು ಆರಿಸುವಲ್ಲಿ ಅದೇ ವಿಧಾನ ಬಳಸುತ್ತಾರೆ.

ಎರಡನೇ ಪ್ರಶ್ನೆ: ಖಂಡಿತ ಬರಬಹುದು. ಯಾವ ಊರಿನ ಕಾಲೇಜು ಅನ್ನುವುದಕ್ಕಿಂತ ಪ್ರಾಬಬಿಲಿಟಿ ಗಟ್ಟಿಯಾಗಿರಬೇಕು, ಸಾಬೀತು ಬರೆಯುವ ಅಭ್ಯಾಸ ಬೇಕು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣದಲ್ಲಿ ಪಾಠಗಳು ಪುಕ್ಕಟೆ ಸಿಗುತ್ತವೆ. ಬೆಂಗಳೂರಿನ ಐಐಎಸ್‌ಸಿ, ಮುಂಬೈನ ಟಿಐಎಫ್‌ಆರ್, ಚೆನ್ನೈನ ಸಿಎಂಐ, ಈ ಮೂರು ಸಂಶೋಧನಾ ಸಂಸ್ಥೆಗಳನ್ನೂ ನೋಡಿ. ನಮಗೆ ಹತ್ತಿರದ ಐಐಟಿ ಧಾರವಾಡವೂ ಇದೆ. ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಮೇಲಿನ ಲೆಕ್ಕದಲ್ಲಿ ಗೆರೆಯನ್ನು 100ರ ಬದಲು 120ಕ್ಕೆ ಇಟ್ಟು, ಭರವಸೆ ಎಲ್ಲಿ ಕಡಿಮೆಯಾಗುತ್ತದೆ ಅಂತ ಕಾಗದದ ಮೇಲೆ ಬಿಡಿಸಿ. ಬರೆದದ್ದನ್ನು ಇಲ್ಲೇ ಕೆಳಗೆ ಹಾಕಿ, ನಾನು ನೋಡಿ ಹೇಳುತ್ತೇನೆ.