ಗಟ್ಟಿಯಾದ ತಾರಸಿಗೆ ಇನ್ನೂ ನೀರು ಯಾಕೆ?

ಪ್ರಶ್ನೆ: ತಾರಸಿಗೆ ಕಾಂಕ್ರೀಟ್ ಹಾಕಿ ಮೂರು ದಿನ ಆಯಿತು. ಮೇಲೆ ಓಡಾಡುವಷ್ಟು ಗಟ್ಟಿಯಾಗಿದೆ. ಇನ್ನೂ ನೀರು ಹಾಕುತ್ತಲೇ ಇರಬೇಕಾ? ಕಲಸುವಾಗಲೇ ಬೇಕಾದಷ್ಟು ಸುರಿದಿದ್ದಾರಲ್ಲ?

ಉತ್ತರ: ಹಾಕಲೇಬೇಕು. ದಯವಿಟ್ಟು ಮೂರು ದಿನಕ್ಕೇ ಬಿಡಬೇಡಿ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತದೆ, ಅದೇ ಮರಳು, ಜಲ್ಲಿ, ಕಂಬಿಯನ್ನೆಲ್ಲ ಹಿಡಿದಿಡುವುದು. ನೀರಿನೊಳಗೆ ಮುಳುಗಿದ್ದರೂ ಕಾಂಕ್ರೀಟ್ ಗಟ್ಟಿಯಾಗುತ್ತದೆ, ಸೇತುವೆಯ ಕಂಬಗಳನ್ನು ಹೊಳೆಯಲ್ಲೇ ಹಾಕುತ್ತಾರಲ್ವಾ? ಈ ಕೆಲಸ ಒಂದೆರಡು ದಿನಕ್ಕೆ ಮುಗಿಯುವುದಿಲ್ಲ. ಅದಕ್ಕೇ ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಅಳೆಯುತ್ತಾರೆ. ನಡುವೆ ಮೇಲ್ಮೈ ಒಣಗಿತು ಅಂದರೆ ಅಲ್ಲಿ ಸಿಮೆಂಟು ಅರ್ಧಕ್ಕೇ ನಿಂತುಬಿಡುತ್ತದೆ, ಧೂಳು ಏಳುತ್ತದೆ, ಕೂದಲೆಳೆಯಂಥ ಬಿರುಕು ಬರುತ್ತದೆ, ಆಮೇಲೆ ಮಳೆಗಾಲದಲ್ಲಿ ಸೋರಿತು ಅಂತ ಪರದಾಡಬೇಕು.

ಕಡಿಮೆ ಅಂದರೂ 7 ದಿನ ಒದ್ದೆಯಾಗಿಡಿ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆಯ ಬೂದಿ) ಬೆರೆತ ಸಿಮೆಂಟಾದರೆ 10 ದಿನ, ಬಿಸಿಲು ಗಾಳಿ ಜೋರಾಗಿದ್ದರೆ 14. ಸುತ್ತ ಗಾರೆಯಲ್ಲಿ ಸಣ್ಣ ಬದು ಕಟ್ಟಿ ಒಳಗೆ ನೀರು ನಿಲ್ಲುವಂತೆ ಮಾಡಿ. ಬೆಳಗ್ಗೆ ಸಂಜೆ ಪೈಪು ಹಿಡಿದು ಚಿಮುಕಿಸಿದರೆ ಮಧ್ಯಾಹ್ನ ಒಣಗೇ ಹೋಗುತ್ತದೆ. ಕಂಬಗಳನ್ನು ಎಲ್ಲರೂ ಮರೆಯುತ್ತಾರೆ, ನನಗೆ ಬೇಜಾರಾಗುವುದು ಅದಕ್ಕೇ, ಇಡೀ ಮನೆಯ ಭಾರ ಹೊರುವುದು ಅವೇ ತಾನೆ? ಅವಕ್ಕೆ ಗೋಣಿಚೀಲ ಸುತ್ತಿ ಸದಾ ಒದ್ದೆ ಇಡಿ.

ಇನ್ನು ಕಲಸುವಾಗ ಅಗತ್ಯಕ್ಕಿಂತ ಹೆಚ್ಚಾಗಿ ಸುರಿದ ನೀರು. ಅದರಿಂದ ಉಪಕಾರವಿಲ್ಲ, ಹಾನಿಯೇ ಜಾಸ್ತಿ. ಸಿಮೆಂಟು ಬಳಸಿಕೊಳ್ಳದೆ ಉಳಿದ ನೀರು ನಿಧಾನವಾಗಿ ಆವಿಯಾಗಿ, ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳನ್ನು ಬಿಟ್ಟು ಹೋಗುತ್ತದೆ. ಆ ದಾರಿಯಲ್ಲೇ ಮುಂದೆ ನೀರು ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ಸಿಮೆಂಟಿಗೆ ಹೋಲಿಸಿದರೆ ನೀರು ಜಾಸ್ತಿಯಾದಷ್ಟೂ ಬಲ ಕಡಿಮೆ ಎಂದು ಡಫ್ ಅಬ್ರಾಮ್ಸ್ ಎಂಬ ಅಮೆರಿಕದ ಎಂಜಿನಿಯರ್ 1918ರಲ್ಲೇ ತೋರಿಸಿಕೊಟ್ಟಿದ್ದರು. ಆದರೂ ಹರಡಲು ಸುಲಭ ಅಂತ ಸುಮ್ನೆ ಇನ್ನೊಂದು ಬಕೆಟ್ ಸುರಿಯುವುದು ನಿಂತಿಲ್ಲ.

ಹಾಕಿದ್ದನ್ನು ಈಗ ತೆಗೆಯಲು ಆಗುವುದಿಲ್ಲ, ಉಳಿದ ದಿನಗಳಾದರೂ ಚೆನ್ನಾಗಿ ನೆನೆಸಿ. ಮುಂದಿನ ಸಲ ಕಲಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. 50 ಕೆಜಿ ಚೀಲಕ್ಕೆ ಸುಮಾರು 22ರಿಂದ 25 ಲೀಟರ್ ಸಾಕು, ಮರಳು ಒದ್ದೆಯಿದ್ದರೆ ಅದಕ್ಕಿಂತ ಕಡಿಮೆ. ಇನ್ನೂ ತೆಳುವಾಗಬೇಕು ಅಂದರೆ ನೀರಿನ ಬದಲು ಪ್ಲಾಸ್ಟಿಸೈಜರ್ (ಹೆಚ್ಚು ನೀರಿಲ್ಲದೆಯೇ ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ) ಹಾಕಿಸಿ, ಅದರ ಅಳತೆ ಡಬ್ಬಿಯ ಮೇಲೇ ಇರುತ್ತದೆ.